ಚಂದ್ರಕಾಂತರ ಹತ್ತೊಂಬತ್ತನೇ ಅಧ್ಯಾಯ

ಕೆನಡಾದ ಅರೋರಾ ಎಂಬ ಊರಿನ ಒಂದು ಇಟ್ಟಿಗೆ ಮನೆಯ ಸೋಫಾದ ಮೇಲೆ ಕೂತು ಚಂದ್ರಕಾಂತರು ಮೂರು ದ್ವೀಪಗಳನ್ನು ಆಳುತ್ತಿದ್ದರು. ಸೈನ್ಯವಿರಲಿಲ್ಲ, ಖಜಾನೆಯಿರಲಿಲ್ಲ. ಇದ್ದದ್ದು ಒಂದು ಕಾರ್ಡ್‌ಲೆಸ್ ಫೋನು ಮತ್ತು ಭಾನುವಾರ ಬೆಳಿಗ್ಗೆ ಹತ್ತರಿಂದ ಹತ್ತೂವರೆವರೆಗಿನ ಅರ್ಧ ಗಂಟೆ. ವಾರದ ಉಳಿದ ಹೊತ್ತಿನಲ್ಲಿ ಅವರು ಬರೀ ಎಪ್ಪತ್ತೆರಡು ವರ್ಷದ ನಿವೃತ್ತ ಎಂಜಿನಿಯರು. ಒಬ್ಬರಿಗೇ ಅನ್ನ ಇಟ್ಟು ಎರಡು ದಿನ ಉಣ್ಣುವವರು.

ಸಾಮ್ರಾಜ್ಯ ಕೈಗೆ ಬಂದದ್ದು ಹೀಗೆ. ಗದಗಿನವರಾದ ಚಂದ್ರಕಾಂತರು ಹುಬ್ಬಳ್ಳಿಯಲ್ಲಿ ಓದಿ ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಕೆನಡಾಕ್ಕೆ ಬಂದು ನೀರಿನ ಪೈಪುಗಳನ್ನೇ ನಂಬಿ ಬದುಕಿದವರು. ಎಂಬತ್ತಾರರಲ್ಲಿ ಕೆನಡಾ ಸರಕಾರದ ನೆರವಿನಲ್ಲಿ ಕೆರಿಬಿಯನ್ನಿನ ಮೂರು ಪುಟ್ಟ ದ್ವೀಪಗಳಿಗೆ ಕುಡಿಯುವ ನೀರು ಕೊಡುವ ಕೆಲಸ ಅವರ ಪಾಲಿಗೆ ಬಂತು. ಒಂದು ಸೇಂಟ್ ಬಾರ್ನಬಿ, ಇನ್ನೊಂದು ಗ್ರ್ಯಾಂಡ್ ಪೆಟ್ರೆಲ್. ಮೂರನೆಯದು ನಕ್ಷೆಯ ಮೇಲೆ ಯಾರೋ ಪೆನ್ನು ಜಾಡಿಸಿದಾಗ ಬಿದ್ದ ಚುಕ್ಕಿಯಷ್ಟಿತ್ತು. ಬಾರ್ನಬಿಯವರಿಗೂ ಪೆಟ್ರೆಲ್‌ನವರಿಗೂ ಒಂದು ಹಳೇ ಕ್ರಿಕೆಟ್ ಪಂದ್ಯದಿಂದ ಮಾತು ಅಷ್ಟಕ್ಕಷ್ಟೆ. ಆದರೂ ಚಂದ್ರಕಾಂತರು ಮೂರೂ ಕಡೆ ಒಂದೇ ಕಂಪನಿಯ ಪಂಪು ಕೂಡಿಸಿ, ಮೂವರಿಗೂ ಸೇರಿ ಬಿಡಿಭಾಗಗಳ ಒಂದೇ ಉಗ್ರಾಣ, ಒಬ್ಬನೇ ಮೆಕ್ಯಾನಿಕ್ಕು, ಅವನಿಗೊಂದು ದೋಣಿ ಎಂದು ಒಪ್ಪಂದ ಮಾಡಿಸಿದರು. ಬೈದಾಡಿಕೊಳ್ಳುತ್ತಲೇ ನೆರೆಯವರು ಕೂಡಿ ಬಾಳತೊಡಗಿದರು. ಆ ಮೆಕ್ಯಾನಿಕ್ಕೇ ಬಾರ್ನಬಿಯ ಕ್ಲೆಮೆಂಟ್.

ಹೆಂಡತಿ ಪ್ರಭಾ ತೀರಿಕೊಂಡದ್ದು ಎರಡು ಸಾವಿರದ ಒಂಬತ್ತರಲ್ಲಿ. ಅದೇ ವರ್ಷ ಕ್ಲೆಮೆಂಟ್ ಫೋನು ಮಾಡಿ, ಮೂರು ದ್ವೀಪಗಳೂ ಸೇರಿ ಪಂಪಿನವರಿಗೆ ಒಂದು ತರಬೇತಿ ಶಾಲೆ ತೆರೆಯುತ್ತಿವೆ, ನೀವು ಪಾಠಪುಸ್ತಕ ಬರೆದುಕೊಡಬೇಕು ಎಂದ. ಚಂದ್ರಕಾಂತರು ಮಹಾಕಾವ್ಯಕ್ಕೆ ಕೂತವರಂತೆ ಕೂತರು. ಮೂರು ವರ್ಷದಲ್ಲಿ ಹದಿನೆಂಟು ಅಧ್ಯಾಯ ಹೋದವು. ಕೊನೆಯದಾದ ಹತ್ತೊಂಬತ್ತನೆಯದು ಮಾತ್ರ ಹೊರಡಲೇ ಇಲ್ಲ.

ಕ್ಲೆಮೆಂಟ್ ಪ್ರತಿ ಭಾನುವಾರ ತಪ್ಪದೆ ಕೇಳುತ್ತಿದ್ದ. ಇವರು ಪುಸ್ತಕದ ಮಾತು ತೇಲಿಸಿ, ಆ ವಾರದ ಪಂಪಿನ ಕಾಯಿಲೆ ಕೇಳಿ, ಔಷಧವನ್ನು ಹನಿಹನಿಯಾಗಿ ಕೊಡುತ್ತಿದ್ದರು. ಒಂದು ನಟ್ಟು ಬಿಗಿಸಿದರೆ ಮುಗಿಯುವ ರೋಗಕ್ಕೆ ಮೂರು ಭಾನುವಾರ ಬೇಕಾಗುತ್ತಿತ್ತು. ಕೊನೆಗೆ ಎಂದೂ ಒಂದೇ ಮಾತು: "ಇವತ್ತಿಗೆ ಇಷ್ಟು ಸಾಕು. ಯಾವುದನ್ನೂ ಮುಟ್ಟಬೇಡ. ಮೊದಲು ಕಣ್ಣಾರೆ ನೋಡಿ ಬಂದು ಹೇಳು."

ಹತ್ತೊಂಬತ್ತನೇ ಅಧ್ಯಾಯ ಪೆಟ್ರೆಲ್‌ನ ಪೈಪಿನದು. ನಕ್ಷೆಯಲ್ಲಿ ಆ ಪೈಪು ಗೆರೆ ಎಳೆದ ಹಾಗೆ ನೇರ. ನೆಲದಲ್ಲಿ ಮಾತ್ರ ಒಂದು ಬಂಡೆ ಒಡೆಯದೆ ಹೋದದ್ದರಿಂದ ಅದರ ಮೇಲೆ ಒಂಟೆಯ ಡುಬ್ಬದಂತೆ ಹತ್ತಿ ಇಳಿದಿತ್ತು. ಡುಬ್ಬದಲ್ಲಿ ಗಾಳಿ ಸೇರಿಕೊಂಡರೆ ನೀರು ದಾಟದು. ಅದಕ್ಕೆ ಒಂದು ಜೀಗುಜ್ಜೆ ಮರದ ಬುಡದಲ್ಲಿ, ಚಪ್ಪಡಿಯ ಕೆಳಗೆ, ಗಾಳಿ ಬಿಡುವ ಪುಟ್ಟ ವಾಲ್ವೊಂದನ್ನು ಚಂದ್ರಕಾಂತರು ತಾವೇ ನಿಂತು ಕೂಡಿಸಿದ್ದರು. ಇಪ್ಪತ್ತೈದು ವರ್ಷದಿಂದ ಅದು ತನ್ನ ಪಾಡಿಗೆ ಉಸಿರಾಡಿಕೊಂಡಿತ್ತು. ಬರೆದರೆ ತಮ್ಮ ಪೈಪು ನೇರವಿಲ್ಲವೆಂದು ಜಗತ್ತಿಗೆ ತಿಳಿಯುತ್ತದೆ. ಹಾಗಾಗಿ ಬರೆಯುತ್ತಿಲ್ಲ ಎಂದು ಅವರು ತಮಗೇ ಹೇಳಿಕೊಂಡಿದ್ದರು. ನಿಜವಾದ ಕಾರಣ ಇನ್ನೂ ಸಣ್ಣದು. ಪುಸ್ತಕ ಮುಗಿದರೆ ಫೋನೂ ಮುಗಿಯುತ್ತದೆ.

ಎರಡು ಸಾವಿರದ ಹದಿಮೂರರ ಡಿಸೆಂಬರಿನಲ್ಲಿ ಆಕಾಶದಿಂದ ನೀರು ಬಿದ್ದು ಬಿದ್ದಲ್ಲೇ ಹೆಪ್ಪುಗಟ್ಟಿ ಗಾಜಾಯಿತು. ಕೊಂಬೆಗಳು ಮುರಿದು ತಂತಿಗಳ ಮೇಲೆ ಬಿದ್ದವು. ಭಾನುವಾರ ಬೆಳಗಾಗುವುದರೊಳಗೆ ಚಂದ್ರಕಾಂತರ ಮನೆಯಲ್ಲಿ ಕರೆಂಟಿಲ್ಲ, ಮನೆ ಬೆಚ್ಚಗಿಡುವ ಫರ್ನೇಸಿಲ್ಲ, ಕಾರ್ಡ್‌ಲೆಸ್ ಫೋನಿಗೆ ಜೀವವಿಲ್ಲ. ಕರೆದೊಯ್ಯಲು ಬರ್ಲಿಂಗ್ಟನ್ನಿನಿಂದ ಮಗಳು ಮಹಿಮಾ ಮೂರು ತಾಸು ಜಾರುತ್ತಾ ಬಂದಳು. ಅಪ್ಪ ಓವರ್‌ಕೋಟು, ಮಂಗನಟೋಪಿ ತೊಟ್ಟು ಫೋನಿನ ಮುಂದೆ ಕೂತಿದ್ದರು.

"ಪಪ್ಪಾ, ಫೋನ್ ಇಸ್ ಡೆಡ್. ವಾಟ್ ಆರ್ ಯು ವೇಯ್ಟಿಂಗ್ ಫಾರ್?"

"ಹತ್ತ ಹೊಡೀಲಿ ತಡಿಯವಾ."

ಹತ್ತು ಹೊಡೆಯಿತು. ಗೋಡೆ ಗಡಿಯಾರದ ಬ್ಯಾಟರಿಗೆ ರಾಜಭಕ್ತಿ ಇತ್ತು, ಫೋನಿಗಿರಲಿಲ್ಲ. ಹತ್ತೂವರೆಯಾದ ಮೇಲೆ ಚಕ್ರವರ್ತಿಗಳು ಮರುಮಾತಿಲ್ಲದೆ ಮಗಳ ಕಾರು ಹತ್ತಿದರು.

ಅವರು ವಾಪಸು ಬಂದದ್ದು ಮರುವಾರ. ಭಾನುವಾರ ಹತ್ತಕ್ಕೆ ಸರಿಯಾಗಿ ಫೋನು ಬಂತು. ಕ್ಲೆಮೆಂಟ್ ಮೊದಲು ಚಳಿಯ ಬಗ್ಗೆ ವಿಚಾರಿಸಿಕೊಂಡು, ಆಮೇಲೆ ನಡೆದದ್ದನ್ನು ಹೇಳಿದ. ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಇರುವಾಗ ಪೆಟ್ರೆಲ್‌ನ ನೀರು ನಿಂತಿತು. ಪಂಪು ಚೆನ್ನಾಗಿಯೇ ತಿರುಗುತ್ತಿತ್ತು, ಗುಡ್ಡದ ತೊಟ್ಟಿಗೆ ಮಾತ್ರ ಹನಿ ಏರಲಿಲ್ಲ. ಇವರಿಗೆ ಹನ್ನೊಂದು ಸಲ ಫೋನು ಮಾಡಿದ. ಹದಿನೆಂಟು ಅಧ್ಯಾಯಗಳನ್ನೂ ತಿರುವಿಹಾಕಿದ. ಬಾರ್ನಬಿಯವರು ಮೂರು ದಿನ ದೋಣಿಗಳಲ್ಲಿ ಪೀಪಾಯಿ ಪೀಪಾಯಿ ನೀರು ಸಾಗಿಸಿದರು; ಒಬ್ಬೊಬ್ಬರೂ ಆ ಪಂದ್ಯವನ್ನು ನೆನಪಿಸದೆ ಬಿಡಲಿಲ್ಲ. ಕೊನೆಗೆ ಕ್ಲೆಮೆಂಟ್ ಪೈಪಿನ ಜಾಡಿನುದ್ದಕ್ಕೂ ಕಬ್ಬಿಣದ ಸಲಾಕೆ ಊರಿ, ಅದಕ್ಕೆ ಕಿವಿಯಿಟ್ಟು, ಅಂಗುಲ ಅಂಗುಲ ನಡೆದ. ಜೀಗುಜ್ಜೆ ಮರದ ಹತ್ತಿರ ನೀರಿನ ಸದ್ದು ನಿಂತುಹೋಗಿತ್ತು. ಅಗೆದ.

"ಚಪ್ಪಡಿಯ ಅಡಿಗೆ ಕಟ್ಟಿಕೊಂಡಿದ್ದ ಒಂದು ವಾಲ್ವು ಸಿಕ್ಕಿತು, ಮಿಸ್ಟರ್ ಚಂದ್ರ. ಬಿಡಿಸಿದೊಡನೆ ನೀರು ಏರಿತು. ಯಾರೋ ಬಹಳ ಅಚ್ಚುಕಟ್ಟಾಗಿ ಕೂಡಿಸಿದ್ದಾರೆ."

ಯಾರೆಂದು ಅವನು ಕೇಳಲಿಲ್ಲ. ಪೀಪಾಯಿಗಳು ಎಷ್ಟು ಭಾರವಿದ್ದವೆಂದು ಮಾತ್ರ ಹೇಳಿದ.

ಅಂದೇ ಕೂತು ಅವರು ಹತ್ತೊಂಬತ್ತನೇ ಅಧ್ಯಾಯ ಬರೆದರು. ಡುಬ್ಬ, ಬಂಡೆ, ಮರ, ಚಪ್ಪಡಿ ಎಲ್ಲವನ್ನೂ ಬರೆದರು. ನಾಲ್ಕು ವರ್ಷ ಹಿಡಿದ ಪುಸ್ತಕ ಎರಡು ಹಾಳೆಯಲ್ಲಿ ಮುಗಿಯಿತು. "ಇದು ನನ್ನ ತಪ್ಪು" ಎಂದು ಕೊನೆಗೊಂದು ಸಾಲು ಸೇರಿಸಿ, ಮರುದಿನ ಮಂಜಿನಲ್ಲಿ ನಡೆದುಹೋಗಿ ಅಂಚೆಗೆ ಹಾಕಿ ಬಂದರು.

ಅಧ್ಯಾಯ ಸಿಕ್ಕಿ ಪುಸ್ತಕ ಮುಗಿಯಿತೆಂದು ಜನವರಿಯಲ್ಲಿ ಕ್ಲೆಮೆಂಟ್ ಫೋನು ಮಾಡಿ ಶಾಲೆಯ ಪರವಾಗಿ ಧನ್ಯವಾದ ಹೇಳಿದ. ಆಮೇಲಿನ ಭಾನುವಾರ ಶಾಲೆ ಶುರುವಾಗಿತ್ತು, ಅವನು ಪಾಠ ಹೇಳುತ್ತಿದ್ದ; ಫೋನು ಬರಲಿಲ್ಲ. ಪಂಪು ಕೆಟ್ಟರೆ ಈಗ ಪೆಟ್ರೆಲ್‌ನವರು ಬಾರ್ನಬಿಯವರನ್ನು ಕೇಳುತ್ತಿದ್ದರು, ಬಾರ್ನಬಿಯವರು ಪೆಟ್ರೆಲ್‌ನವರನ್ನು. ನೆರವಿನ ಯೋಜನೆಯೊಂದು ಇಷ್ಟು ಪೂರ್ತಿಯಾಗಿ ಗೆದ್ದದ್ದು ಅಪರೂಪ. ಗೆದ್ದವರು ಹತ್ತು ಗಂಟೆಗೆ ಸೋಫಾದಲ್ಲಿ ಕೂತು, ಹತ್ತೂವರೆಗೆ ಎದ್ದು, ನಿನ್ನೆಯ ಅನ್ನ ಬಿಸಿ ಮಾಡಿಕೊಳ್ಳುತ್ತಿದ್ದರು. ಒಮ್ಮೆ ರಿಸೀವರು ಎತ್ತಿ, ಲೈನು ಸರಿಯಿದೆಯೇ ಎಂದು ಕೇಳಿಸಿಕೊಂಡರು. ಸರಿಯಾಗಿಯೇ ಇತ್ತು.

ಏಪ್ರಿಲಿನಲ್ಲಿ ಮಂಜು ಕರಗಿ ನೆಲದ ನೀರು ಏರಿತು. ಬೇಸ್‌ಮೆಂಟಿನ ಗುಂಡಿಯಲ್ಲಿದ್ದ, ಅದನ್ನು ಹೊರಹಾಕುವ ಪಂಪು ಗುರ್ರೆನ್ನುತ್ತಾ ದುಡಿಯುತ್ತಿತ್ತು. ಒಂದು ಭಾನುವಾರ ಒಂಬತ್ತೂ ಮುಕ್ಕಾಲಿಗೆ ಚಂದ್ರಕಾಂತರು ಮೆಟ್ಟಿಲಿಳಿದು, ಅತ್ತಿತ್ತ ನೋಡಿ, ನೀರು ಏರಿದಾಗ ಪಂಪನ್ನು ಎಬ್ಬಿಸುವ ಪ್ಲಾಸ್ಟಿಕ್ ಬುರುಡೆಯನ್ನು ಒಂದು ದಾರದಿಂದ ಕೆಳಕ್ಕೆ ಕಟ್ಟಿಹಾಕಿದರು. ಪಂಪು ಸುಮ್ಮನಾಯಿತು. ಹತ್ತಕ್ಕೆ ಮೊದಲ ಬಾರಿಗೆ ಅವರೇ ಬಾರ್ನಬಿಗೆ ಫೋನು ಹಚ್ಚಿದರು.

ಮನೆಗೆ ನೀರು ನುಗ್ಗುವಂತಿದೆ, ಪಂಪು ಕೈಕೊಟ್ಟಿದೆ, ತಮಗೆ ವಯಸ್ಸಾಯಿತು, ಏನೂ ಹೊಳೆಯುತ್ತಿಲ್ಲ ಎಂದು ಅರ್ಜಿ ಸಲ್ಲಿಸಿದರು. ಕ್ಲೆಮೆಂಟ್ ಗಂಟಲು ಸರಿಮಾಡಿಕೊಂಡು, ಸದ್ದು ಹೇಗಿದೆ, ವಾಸನೆ ಬರುತ್ತಿದೆಯೇ, ನೀರು ಎಷ್ಟು ಬೆರಳಿದೆ ಎಂದು ಒಂದೊಂದಾಗಿ ಕೇಳಿದ. ಇವರು ಒಂದೊಂದಕ್ಕೂ ವಿನಯದಿಂದ ಉತ್ತರ ಕೊಟ್ಟರು. ಅರ್ಧ ಗಂಟೆ ಕಳೆಯಿತು.

"ಇವತ್ತಿಗೆ ಇಷ್ಟು ಸಾಕು, ಮಿಸ್ಟರ್ ಚಂದ್ರ," ಎಂದ ಕ್ಲೆಮೆಂಟ್. "ಯಾವುದನ್ನೂ ಮುಟ್ಟಬೇಡಿ. ಭಾನುವಾರದವರೆಗೆ ಕಣ್ಣಾರೆ ನೋಡಿ ಹೇಳಿ."

ಮುಟ್ಟಬೇಡಿ ಎಂದ ಮೇಲೆ ದಾರ ಬಿಚ್ಚುವಂತಿಲ್ಲ. ರೋಗ ವಾಸಿಯಾದರೆ ನೆರವು ನಿಲ್ಲುತ್ತದೆ ಎಂಬುದು ಅವರಿಗೆ ತಿಳಿಯದ ವಿಷಯವೇನಲ್ಲ. ಚಂದ್ರಕಾಂತರು ಪ್ಯಾಂಟು ಮಡಚಿ, ಬೇಸ್‌ಮೆಂಟಿಗೆ ಇಳಿದು, ಬಕೆಟ್ಟು ಹಿಡಿದು ಗುಂಡಿಯ ನೀರನ್ನು ಮೊಗೆದು ಸಿಂಕಿಗೆ ಸುರಿಯತೊಡಗಿದರು. ಭಾನುವಾರಕ್ಕೆ ಇನ್ನೂ ಏಳು ದಿನವಿತ್ತು.