ಬೊಂಬೆಯ ಜಾಗದಲ್ಲಿ ಮಲಗಿದ ಮಧ್ಯಾಹ್ನ

ಮೊದಲು ರಸ್ತೆ ಎರಡಾಯಿತು.

ಬಷೀರಣ್ಣನ ಓಮ್ನಿಯ ಹಿಂದಿನ ಸೀಟಿನಲ್ಲಿ ಒರಗಿದ್ದೆ. ಎಡಗೈ ಮಡಿಲಲ್ಲಿತ್ತು. ಕಿರುಬೆರಳಿನ ಬುಡದಲ್ಲಿ ಎರಡು ಸಣ್ಣ ಗಾಯ, ಸುತ್ತ ಊತ. ಉರಿ ಮೊಣಕೈವರೆಗೆ ಏರಿತ್ತು. ಅಷ್ಟು ಹೊತ್ತೂ ಆ ಉರಿಯೇ ದೊಡ್ಡದು ಅಂದುಕೊಂಡಿದ್ದೆ. ಎದುರಿನಿಂದ ಬರುತ್ತಿದ್ದ ಒಂದೇ ಲಾರಿ ಎರಡಾಗಿ ಕಂಡಿತು. ಕಣ್ಣುಜ್ಜಿಕೊಂಡೆ. ಆಗಲೂ ಎರಡೇ. ಪಕ್ಕದಲ್ಲಿದ್ದ ನಮ್ಮ ಯಜಮಾನರಿಗೆ ಹೇಳಲು ಬಾಯಿ ತೆರೆದರೆ ನಾಲಿಗೆ ದಪ್ಪವಾಗಿತ್ತು.

"ಏನಂದೆ?" ಎಂದರು.

ಮತ್ತೆ ಹೇಳಿದೆ. ನನ್ನ ಮಾತು ನನಗೇ ತಿಳಿಯಲಿಲ್ಲ.

ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರಮ್ಮ. ತವರು ಕಂದಿಕೆರೆ. ಮದುವೆಯಾಗಿ ಬಂದದ್ದು ಅರಳಗುಪ್ಪೆಯಿಂದಾಚೆ ಒಂದು ತೋಟದ ಮನೆಗೆ. ಅಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಂದಿದ್ದೆ. ಊಟ ಮಾಡಿ, ಬಚ್ಚಲ ಒಲೆಗೆಂದು ತೆಂಗಿನ ಸಿಪ್ಪೆ ತರಲು ರಾಶಿಯ ಹತ್ತಿರ ಹೋದೆ. ದಿನವೂ ಮಾಡುವ ಕೆಲಸ. ನೋಡದೆ ಕೈ ಹಾಕಿದೆ. ಕೈಗೆ ಕೆಂಡ ತಗುಲಿದಂತಾಯಿತು. ಸಿಪ್ಪೆಗಳ ನಡುವಿನಿಂದ ಹೆಡೆ ಮೇಲೆದ್ದಿತು. ನಾಗರಹಾವು. ನಮ್ಮ ಅತ್ತೆ ಓಡಿ ಬಂದವರು ಮೊದಲು ಅದಕ್ಕೆ ಕೈಮುಗಿದರು, ಆಮೇಲೆ ನನ್ನನ್ನು ಹಿಡಿದುಕೊಂಡರು.

ಮಂತ್ರ ಹಾಕುವವರೊಬ್ಬರು ಪಕ್ಕದ ಊರಿನಲ್ಲಿದ್ದರು. ಅಲ್ಲಿಗೆ ಕರೆದೊಯ್ಯಿ ಎಂದು ಅತ್ತೆ ಮಗನಿಗೆ ಹೇಳಿದರು. ಇವರು ಏನೂ ತೋಚದೆ ನಿಂತಿದ್ದರು. ಪಂಪ್‌ಸೆಟ್ ಮೋಟರ್ ರಿಪೇರಿಗೆ ಬಂದಿದ್ದ ಬಷೀರಣ್ಣ ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತಲೇ ಗಾಡಿಯ ಬಾಗಿಲು ತೆಗೆದ.

"ಅದು ಆಮೇಲೆ ಕಣಮ್ಮಾ. ಮೊದ್ಲು ಟೀಚರಮ್ಮ ಗಾಡಿ ಹತ್ಲಿ."

ಆ ಒಂದು ಮಾತಿನಿಂದಲೇ ನಾನು ಇಂದು ಇದನ್ನು ಬರೆಯುತ್ತಿದ್ದೇನೆ.

ತಾಲ್ಲೂಕು ಆಸ್ಪತ್ರೆ ತಲುಪುವ ಹೊತ್ತಿಗೆ ಕತ್ತು ನಿಲ್ಲುತ್ತಿರಲಿಲ್ಲ. ಎಂಜಲು ನುಂಗಲು ಆಗುತ್ತಿರಲಿಲ್ಲ, ಬಾಯಿಯ ಅಂಚಿನಿಂದ ಹರಿಯುತ್ತಿತ್ತು. ಇವರು ಟವೆಲಿನಿಂದ ಒರೆಸುತ್ತಿದ್ದರು. ರೆಪ್ಪೆಗಳು ತಾವಾಗಿಯೇ ಇಳಿಯುತ್ತಿದ್ದವು. ಬಲಗೈ ಬೆರಳಿನಿಂದ ಒಂದು ರೆಪ್ಪೆಯನ್ನು ಎತ್ತಿ ಹಿಡಿದುಕೊಂಡಿದ್ದೆ. ಸ್ಟ್ರೆಚರಿನ ಮೇಲೆ ಮಲಗಿಸಿದಾಗ ಆ ಬೆರಳೂ ಜಾರಿತು.

ಕಣ್ಣು ಮುಚ್ಚಿಕೊಂಡವು. ನಾನು ಮುಚ್ಚಲಿಲ್ಲ.

ಆಮೇಲಿನದೆಲ್ಲ ನಾನು ಕಿವಿಯಿಂದ ಕಂಡದ್ದು. ಕೆಲವನ್ನು ಮುಂದೆ ಡಾಕ್ಟರ್ ನಂದಿನಿ ಬಿಡಿಸಿ ಹೇಳಿದರು. ಅವರು ಆ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡ್ಯೂಟಿ ಡಾಕ್ಟರ್. ಕ್ಯಾಷುಯಾಲ್ಟಿಯ ಪಕ್ಕದಲ್ಲೇ ಟೆಲಿಮೆಡಿಸಿನ್ ರೂಮು ಎಂದು ಒಂದು ಕೋಣೆಯಿತ್ತು. ಛಾವಣಿಯ ಮೇಲೆ ದೊಡ್ಡ ಡಿಶ್, ಒಳಗೆ ದೊಡ್ಡ ಟಿವಿ, ಒಂದು ಕ್ಯಾಮೆರಾ. ಶನಿವಾರ ಮಧ್ಯಾಹ್ನಗಳಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರ ಎಮರ್ಜೆನ್ಸಿ ವಿಭಾಗದ ಮೇಡಂ ಒಬ್ಬರು ಆ ಪರದೆಯ ಮೇಲೆ ಬಂದು ತಾಲ್ಲೂಕು ಆಸ್ಪತ್ರೆಗಳ ಡಾಕ್ಟರು, ನರ್ಸುಗಳಿಗೆ ಪಾಠ ಮಾಡುತ್ತಿದ್ದರು. ಪಾಠ ಎಂದರೆ ಭಾಷಣವಲ್ಲ. ಮೇಜಿನ ಮೇಲೆ ಮನುಷ್ಯನಷ್ಟೇ ಉದ್ದದ ರಬ್ಬರ್ ಬೊಂಬೆ. ಗಾಳಿ ಒತ್ತಿದರೆ ಅದರ ಎದೆ ಏಳುತ್ತಿತ್ತು. ಒಬ್ಬೊಬ್ಬರೂ ಅದಕ್ಕೆ ಕೈಯಾರೆ ಚಿಕಿತ್ಸೆ ಮಾಡಬೇಕು, ಮಾಡುತ್ತಿರುವುದನ್ನು ಜೋರಾಗಿ ಹೇಳಬೇಕು. ಮಧ್ಯದಲ್ಲಿ ಮೇಡಂ ಇದ್ದಕ್ಕಿದ್ದಂತೆ ಈಗ ಕರೆಂಟ್ ಹೋಯಿತು ಎನ್ನುವರು, ಈಗ ವಾಂತಿಯಾಯಿತು ಎನ್ನುವರು. ಆಗಲೂ ಕೈ ನಿಲ್ಲಬಾರದು.

ನಾನು ಹೋದಾಗ ಆ ಕ್ಲಾಸು ನಡೆಯುತ್ತಿತ್ತು.

ಕ್ಯಾಷುಯಾಲ್ಟಿಯಲ್ಲಿ ಡ್ರಿಪ್ ಹಾಕಿ ವಿಷ ಇಳಿಸುವ ಆ್ಯಂಟಿವೆನಮ್ ಶುರು ಮಾಡಿದರು. ಅಷ್ಟರಲ್ಲಿ ನನ್ನ ಉಸಿರು ಮೇಲು ಮೇಲಕ್ಕೇ ಆಗತೊಡಗಿತು. ಡಾಕ್ಟರ್ ನಂದಿನಿ ಸ್ಟ್ರೆಚರನ್ನು ಟಿವಿ ಇದ್ದ ಕೋಣೆಗೇ ತಳ್ಳಿಸಿದರು. ಬೊಂಬೆಯನ್ನು ಎತ್ತಿ ಕೆಳಗಿಟ್ಟು, ಅದರ ಜಾಗದಲ್ಲಿ ನನ್ನನ್ನು ಮಲಗಿಸಿದರು. ಮೇಲಿನಿಂದೆಲ್ಲಿಂದಲೋ ಒಂದು ಹೆಂಗಸಿನ ದನಿ, ರೇಡಿಯೋದಲ್ಲಿ ಬಂದ ಹಾಗೆ, ಕ್ಯಾಮೆರಾ ಮುಖದ ಹತ್ತಿರ ತನ್ನಿ ಎಂದಿತು.

ಉಸಿರು ಸಿಗದಿರುವುದನ್ನು ಹೇಗೆ ಬರೆಯಲಿ? ಮುಳುಗುವವರು ಕೈಕಾಲು ಬಡಿಯುತ್ತಾರೆ. ನನಗೆ ಬಡಿಯಲು ಏನೂ ಉಳಿದಿರಲಿಲ್ಲ. ಒಳಗೆ ನಾನು ಕೂಗುತ್ತಿದ್ದೆ, ಹೊರಗೆ ನಾನು ಮಲಗಿದ್ದೆ. ಎದೆ ನನ್ನ ಮಾತು ಕೇಳುತ್ತಿರಲಿಲ್ಲ. ಹುಟ್ಟಿದಂದಿನಿಂದ ಯಾರೂ ಹೇಳದೆ ನಡೆದಿದ್ದ ಕೆಲಸ ಅದು, ಈಗ ಎಷ್ಟು ಬೇಡಿಕೊಂಡರೂ ನಡೆಯಲೊಲ್ಲದು. ಬಾಗಿಲ ಹತ್ತಿರ ನಿಂತಿದ್ದ ಯಾರೋ ಮೆಲ್ಲಗೆ ಹೇಳಿದರು.

"ಹೋಯ್ತು ಬುಡು, ಪಾಪ."

ನಾನು ಕೇಳಿಸಿಕೊಂಡೆ.

ಮುಖದ ಮೇಲೆ ಮಾಸ್ಕ್ ಒತ್ತಿದರು. ಗಾಳಿ ಒತ್ತುವ ಅಂಬು ಬ್ಯಾಗ್ ಹಿಸುಕಿದಾಗ ಒಂದಿಷ್ಟು ಗಾಳಿ ಒಳಗೆ ಬಂತು. ಸಾಲಲಿಲ್ಲ. ಪರದೆಯ ಮೇಡಂ ಇನ್ನು ಗಂಟಲೊಳಗೆ ಉಸಿರಿನ ಟ್ಯೂಬ್ ಹಾಕಲೇಬೇಕು, ನಾನು ನೋಡುತ್ತಿರುತ್ತೇನೆ, ಹಾಕಿ ನಂದಿನಿ ಎಂದರು. ಆ ಮಾತು ಮುಗಿಯುವುದರೊಳಗೆ ದನಿ ಗೊರಗೊರ ಎಂದು ನಿಂತುಹೋಯಿತು.

"ಮೇಡಂ? ಮೇಡಂ, ಕೇಳಿಸ್ತಿದೆಯಾ?"

ಬೆಂಗಳೂರಿನ ಲಿಂಕ್ ಹೋಗಿತ್ತು.

ಡಾಕ್ಟರ್ ನಂದಿನಿ ಮತ್ತೊಮ್ಮೆ ಮೇಡಂ ಎಂದು ಕರೆದರು. ಆ ಕರೆಯಲ್ಲಿ ನನಗೆ ತಿಳಿಯಿತು, ಆ ಡಾಕ್ಟರಮ್ಮ ಇದನ್ನು ಜೀವ ಇರುವ ಮನುಷ್ಯರಿಗೆ ಒಬ್ಬರೇ ಮಾಡಿದವರಲ್ಲ. ಆಮೇಲೆ ಸಿಸ್ಟರ್ ರತ್ನಮ್ಮನ ದನಿ ಕೇಳಿತು. ವಯಸ್ಸಾದ ದನಿ.

"ಡಾಕ್ಟ್ರೇ, ಜೋರಾಗಿ ಹೇಳ್ಕೊಂಡು ಮಾಡಿ. ಬೊಂಬೆಗೆ ಮಾಡಿದ್ರಲ್ಲ, ಹಂಗೇ."

ಡಾಕ್ಟರ್ ನಂದಿನಿ ಹೇಳತೊಡಗಿದರು. ದನಿ ನಡುಗುತ್ತಿತ್ತು. ತಲೆ ಹಿಂದಕ್ಕೆ ಬಾಗಿಸಿದೀನಿ. ಬಾಯಿ ತೆಗೀತಿದೀನಿ. ಲೈಟ್ ಉರೀತಿದೆ. ನಾಲಿಗೆ ಎಡಕ್ಕೆ ಸರಿಸಿದೀನಿ. ತಣ್ಣಗಿನ ಕಬ್ಬಿಣ ಗಂಟಲಿಗೆ ಇಳಿಯಿತು. ಹಲ್ಲಿಗೆ ತಾಗಿತು. ನೋವು ಎಷ್ಟೆಂದರೆ, ಇಷ್ಟು ನೋವು ತಿಳಿಯುತ್ತಿದೆಯೆಂದರೆ ನಾನಿನ್ನೂ ಇದ್ದೇನೆ ಎಂದು ಅದನ್ನೇ ಹಿಡಿದುಕೊಂಡೆ. ಟ್ಯೂಬ್ ಹೋಯಿತು. ಗಾಳಿ ಒತ್ತಿದರು. ಎದೆಗೆ ಬರಲಿಲ್ಲ. ಹೊಟ್ಟೆ ಉಬ್ಬಿತು.

"ಹೊಟ್ಟೇಲಿ ಶಬ್ದ ಬರ್ತಿದೆ. ತಪ್ಪು ದಾರಿ. ತೆಗೀತಿದೀನಿ," ಎಂದರು. ಆಶ್ಚರ್ಯವೆಂದರೆ ಈ ಸಲ ಆ ದನಿ ನಡುಗಲಿಲ್ಲ. ತಪ್ಪನ್ನೂ ಜೋರಾಗಿ ಹೇಳಬೇಕು, ಹೇಳಿದರೆ ಮುಂದಿನದು ನೆನಪಾಗುತ್ತದೆ ಎಂದು ಅವರ ಮೇಡಂ ಕಲಿಸಿದ್ದರಂತೆ. ಮತ್ತೆ ಮಾಸ್ಕ್. ಮತ್ತೆ ಒಂದಿಷ್ಟು ಗಾಳಿ. ಮತ್ತೆ ಕಬ್ಬಿಣ. ನನ್ನ ಕಿವಿಯಲ್ಲಿ ಜೇನುಹುಳ ಎದ್ದಂತಿತ್ತು, ದನಿಗಳು ದೂರವಾಗುತ್ತಿದ್ದವು.

"ಕಾಣ್ತಿದೆ. ದಾರಿ ಕಾಣ್ತಿದೆ. ಹೋಯ್ತು."

ಎದೆ ತುಂಬಿತು.

ಆ ಮೊದಲ ಉಸಿರಿನ ಬಗ್ಗೆ ನನಗೆ ಏನೂ ಬರೆಯಲಾಗುವುದಿಲ್ಲ. ಎಷ್ಟೋ ಸಲ ಪ್ರಯತ್ನಿಸಿದ್ದೇನೆ.

ಸ್ವಲ್ಪ ಹೊತ್ತಿಗೆ ಟಿವಿಯ ದನಿ ಮರಳಿತು. ಡಾಕ್ಟರ್ ನಂದಿನಿ ನಡೆದದ್ದನ್ನು ಒಪ್ಪಿಸಿದರು. ಮೇಡಂ ಎಲ್ಲವನ್ನೂ ಕೇಳಿ ಭೇಷ್ ಎನ್ನಲಿಲ್ಲ. ಇದೆಲ್ಲ ಮಾಡುವಾಗ ಅವರಿಗೆ ಯಾರಾದರೂ ಹೇಳಿದಿರಾ ಎಂದು ಕೇಳಿದರು. ಯಾರಿಗೆ ಎಂದು ಡಾಕ್ಟರ್ ನಂದಿನಿ ಕೇಳಿದರು. ಮಲಗಿರುವವರಿಗೆ ಎಂದರು ಮೇಡಂ.

"ನಾಗರಹಾವಿನ ವಿಷ ಸ್ನಾಯು ಕಟ್ಟಿಹಾಕುತ್ತೆ, ಬುದ್ಧಿ ಕಟ್ಟಿಹಾಕಲ್ಲ. ಕಾಲಿನ ಹೆಬ್ಬೆರಳು ಅಲ್ಲಾಡಿಸಿ ಅಂತ ಅವರನ್ನ ಕೇಳಿ."

ಡಾಕ್ಟರ್ ನಂದಿನಿ ನನ್ನ ಕಿವಿಯ ಹತ್ತಿರ ಬಗ್ಗಿದರು. ಹೆಸರು ಕೇಳಿ ತಿಳಿದುಕೊಂಡು ಕರೆದರು. "ವಸಂತಮ್ಮ, ಕೇಳಿಸ್ತಿದ್ರೆ ಕಾಲಿನ ಹೆಬ್ಬೆರಳು ಅಲ್ಲಾಡಿಸಿ."

ನನ್ನಲ್ಲಿ ಉಳಿದಿದ್ದ ಎಲ್ಲವನ್ನೂ ಅಲ್ಲಿಗೆ ಕಳಿಸಿದೆ. ಕಾಲು ಎಲ್ಲಿದೆ ಎಂಬುದೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಆಡಿತೋ ಇಲ್ಲವೋ ಗೊತ್ತಾಗಲಿಲ್ಲ. ಕಾಲ ದೆಸೆಯಲ್ಲಿ ನಿಂತಿದ್ದ ನಮ್ಮ ಯಜಮಾನರು ಉಸಿರು ಎಳೆದುಕೊಂಡದ್ದು ಕೇಳಿತು.

"ಆಡ್ತು," ಎಂದರು. ಮತ್ತೆ, "ಆಡ್ತು ಕಣ್ರೀ."

ಅವರು ಅತ್ತದ್ದನ್ನು ಮದುವೆಯಾದ ಮೇಲೆ ಅದೇ ಮೊದಲು ಕೇಳಿದೆ.

ಆಸ್ಪತ್ರೆಯಲ್ಲಿ ವೆಂಟಿಲೇಟರ್ ಇರಲಿಲ್ಲ. ಈ ಸ್ಥಿತಿಯಲ್ಲಿ ದೂರ ಸಾಗಿಸುವುದು ಅಪಾಯ, ಆ್ಯಂಟಿವೆನಮ್ ಜೊತೆಗೆ ಸ್ನಾಯುಗಳಿಗೆ ಮತ್ತೆ ಬಲ ತರುವ ನಿಯೋಸ್ಟಿಗ್ಮಿನ್ ಇಂಜೆಕ್ಷನ್ ಕೊಟ್ಟು ಇಲ್ಲೇ ಕಾಯೋಣ ಎಂದು ಮೇಡಂ ನಿರ್ಧರಿಸಿದರು. ಅಲ್ಲಿಯವರೆಗೆ ಯಾರಾದರೂ ಬ್ಯಾಗ್ ಹಿಸುಕುತ್ತಲೇ ಇರಬೇಕು. ಇದ್ದ ಕೆಲವೇ ನರ್ಸುಗಳಿಗೆ ವಾರ್ಡೂ ಇತ್ತು. ಮೇಡಂ ಇವರನ್ನೂ ಬಷೀರಣ್ಣನನ್ನೂ ಕರೆಸಿ ಕ್ಯಾಮೆರಾದ ಮುಂದೆ ಕೂರಿಸಿ, ನೆಲದ ಮೇಲಿದ್ದ ಬೊಂಬೆಯಿಂದಲೇ ಪಾಠ ಶುರು ಮಾಡಿದರು. ಇವರದು ಕಾಯಿ ಸುಲಿಯುವ ಕೈ. ಮೊದಲ ಸಲ ಹಿಸುಕಿದ ರಭಸಕ್ಕೆ ಬೊಂಬೆಯ ಒಳಗಿನಿಂದ ಏನೋ ಟಕ್ ಎಂದಿತು. ಬಲ ಬೇಡ, ಎದೆ ಮೆಲ್ಲಗೆ ಎದ್ದರೆ ಸಾಕು, ಮತ್ತೆ ಪೂರ್ತಿ ಇಳಿಯಲು ಬಿಡಿ ಎಂದರು. ಲೆಕ್ಕ ಇಡಲು ಆಗುತ್ತಿಲ್ಲ ಎಂದು ಇವರು ಹೇಳಿದಾಗ ಮೇಡಂ ಇನ್ನೊಂದು ದಾರಿ ತೋರಿಸಿದರು.

"ಲೆಕ್ಕ ಬೇಡ. ನೀವು ಉಸಿರು ತಗೊಂಡಾಗ ಅವರಿಗೂ ಒಂದು ಕೊಡಿ."

ಹಾಗೆ ನಾನು ನನ್ನ ಗಂಡನ ಉಸಿರಿನ ಲಯಕ್ಕೆ ಬದುಕಿದೆ. ಕೆಟ್ಟ ಯೋಚನೆ ಬಂದಾಗ ಅವರ ಉಸಿರು ಜೋರಾಗುತ್ತಿತ್ತು, ಕೈಯೂ ಜೋರಾಗುತ್ತಿತ್ತು, ನನ್ನ ತಲೆ ತಿರುಗುತ್ತಿತ್ತು. ರತ್ನಮ್ಮ ಬಂದು ಅವರ ಭುಜ ಮುಟ್ಟಿ ನಿಧಾನ ಎನ್ನುತ್ತಿದ್ದರು. ಕೈ ಸೋತಾಗ ಬಷೀರಣ್ಣ ಕೂರುತ್ತಿದ್ದ. ಅವನು ಸಣ್ಣ ದನಿಯಲ್ಲಿ ಏಕ್, ದೋ, ತೀನ್ ಎಂದು ಎಣಿಸುತ್ತಿದ್ದ. ಮೋಟರಿನಂತೆ ಒಂದೇ ಸಮ. ಒಪ್ಪಿಕೊಳ್ಳುತ್ತೇನೆ, ಅವನ ಕೈಯಲ್ಲಿ ನನಗೆ ಹೆಚ್ಚು ನೆಮ್ಮದಿಯಿತ್ತು.

ಮಾತಾಡಿಸುತ್ತಿರಿ ಎಂದೂ ಮೇಡಂ ಹೇಳಿದ್ದರು. ಇವರು ಮಾತಿನ ಮನುಷ್ಯರಲ್ಲ. ಆದರೂ ಶುರು ಮಾಡಿದರು.

"ನಾನು ಕಣೇ. ಮೋಡ ಆಗೈತೆ. ಹಸ ಕರೆಯಕ್ಕೆ ಅವ್ವ ಅವ್ಳೆ, ನೀನೇನು ಯೋಚ್ನೆ ಮಾಡ್ಬೇಡ. ಕಂದಿಕೆರೆಗೆ ಇನ್ನೂ ಹೇಳಿಲ್ಲ. ನಿಮ್ಮಪ್ಪಂಗೆ ಏನಂತ ಹೇಳ್ಲಿ? ನೀನೇ ಎದ್ದು ಹೇಳು."

ಅಟ್ಟದ ಮೇಲಿನ ಕೊಬ್ಬರಿ, ಮೋಟರಿನ ಬೇರಿಂಗು, ಶಾಲೆಗೆ ಹೇಳಿ ಕಳಿಸಬೇಕಾದದ್ದು, ಹೀಗೆ ಏನೇನೋ ಹೇಳಿದರು. ಯಾವುದರಲ್ಲೂ ದೊಡ್ಡ ಮಾತಿರಲಿಲ್ಲ. ನಾನು ಒಂದೊಂದನ್ನೂ ಹಿಡಿದುಕೊಂಡು ಮುಂದಿನ ಉಸಿರಿಗೆ ದಾಟಿದೆ. ಆಗಾಗ ವಿಷ ಗೆಲ್ಲುತ್ತದೆ ಅನ್ನಿಸುತ್ತಿತ್ತು. ಗೆದ್ದರೆ ಈ ಮಾತು ಕೇಳುತ್ತಲೇ ಹೋಗುತ್ತೇನೆ ಅಂದುಕೊಂಡೆ. ಆಗ ಭಯ ಕಡಿಮೆಯಾಯಿತು ಎನ್ನಲಾರೆ. ಆದರೆ ಆ ಭಯದಲ್ಲಿ ನಾನು ಒಬ್ಬಳೇ ಇರಲಿಲ್ಲ.

ಹೊತ್ತು ಇಳಿಯುವಾಗ ಬಲ ರೆಪ್ಪೆಯ ಕೆಳಗೆ ಬೆಳಕಿನ ಒಂದು ಗೆರೆ ಕಂಡಿತು. ಆಮೇಲೆ ಬೆರಳುಗಳು. ಆಮೇಲೆ, ಇವರು ಬ್ಯಾಗ್ ಹಿಸುಕುವ ಮೊದಲೇ ನನ್ನ ಎದೆ ತಾನಾಗಿ ಒಂದು ಉಸಿರನ್ನು ಎಳೆದುಕೊಂಡಿತು. ಕೈಗೆ ಏನೋ ಎದುರು ಒತ್ತಿದಂತಾಗಿ ಇವರು ಗಾಬರಿಯಿಂದ ಡಾಕ್ಟರನ್ನು ಕೂಗಿದರು. ಟಿವಿಯಲ್ಲಿದ್ದ ಮೇಡಂ ಮೊದಲ ಬಾರಿಗೆ ನಕ್ಕ ಸದ್ದು ಕೇಳಿತು.

ಮುಂದಿನ ಕೆಲವು ದಿನ ತುಮಕೂರಿನ ಐಸಿಯುನಲ್ಲಿದ್ದೆ. ಟ್ಯೂಬ್ ತೆಗೆದರು. ಕೈಯ ಚರ್ಮ ಕಪ್ಪಾಗಿ ಕಳಚಿತು. ಡ್ರೆಸ್ಸಿಂಗು ತಿಂಗಳುಗಟ್ಟಲೆ ನಡೆಯಿತು. ಕಿರುಬೆರಳು ಈಗಲೂ ಮಡಚುವುದಿಲ್ಲ. ಬೋರ್ಡಿನ ಮೇಲೆ ಬಲಗೈಯಲ್ಲಿ ಬರೆಯುವುದರಿಂದ ಶಾಲೆಗೆ ತೊಂದರೆಯಿಲ್ಲ. ನಿದ್ದೆಯದೇ ಕಷ್ಟ. ರೆಪ್ಪೆ ಭಾರವಾದರೆ ಎದೆ ಹೊಡೆದುಕೊಳ್ಳುತ್ತದೆ. ಎದ್ದು ಕುಳಿತು ಉಸಿರನ್ನು ಬೇಕೆಂದೇ ಎಳೆದು ನೋಡಿಕೊಳ್ಳುತ್ತೇನೆ. ಇವರು ಏನೂ ಕೇಳದೆ ನೀರು ಕೊಡುತ್ತಾರೆ. ಮತ್ತೆ ಮೊದಲಿನ ಹಾಗೆ ಮಾತು ಕಡಿಮೆ.

ಕೈ ಒಂದು ಹದಕ್ಕೆ ಬಂದ ಮೇಲೆ ಡಾಕ್ಟರ್ ನಂದಿನಿ ನನ್ನನ್ನು ಶನಿವಾರದ ಕ್ಲಾಸಿಗೆ ಕರೆದರು. ಮೇಡಂ ಹೇಳಿದ್ದರಂತೆ, ಬೊಂಬೆ ಹೇಳಲಾರದ್ದನ್ನು ಆಕೆ ಹೇಳಲಿ ಎಂದು. ಕ್ಯಾಮೆರಾದ ಮುಂದೆ ಕೂತು, ಎಲ್ಲೆಲ್ಲಿಯದೋ ಆಸ್ಪತ್ರೆಗಳಲ್ಲಿ ಕುಳಿತ ಕಾಣದ ಡಾಕ್ಟರುಗಳಿಗೆ ಕೇಳಿಸಿಕೊಂಡದ್ದೆಲ್ಲ ಹೇಳಿದೆ. ಬಾಗಿಲಲ್ಲಿ ನಿಂತವರ ಮಾತನ್ನೂ ಬಿಡಲಿಲ್ಲ. ದೂರದ ತಾಲ್ಲೂಕಿನ ಒಬ್ಬ ಡಾಕ್ಟರು, ಅಂಥ ಹೊತ್ತಿನಲ್ಲಿ ನಾವು ಏನು ಹೇಳಬೇಕಮ್ಮ ಎಂದು ಕೇಳಿದರು.

"ದೊಡ್ಡ ಧೈರ್ಯ ಹೇಳೋದೇನೂ ಬೇಡ ಸಾರ್. ಈಗ ಏನು ಮಾಡ್ತೀವಿ, ಎಲ್ಲಿ ನೋವಾಗುತ್ತೆ, ಪಕ್ಕದಲ್ಲಿ ಯಾರಿದಾರೆ. ಅಷ್ಟು ಹೇಳಿ."

ಮೊನ್ನೆ ಗಾಯದ ಕಲೆ ತೋರಿಸಲು ಹೋದಾಗ ಡಾಕ್ಟರ್ ನಂದಿನಿ ಹೇಳಿದರು, ಕ್ಲಾಸಿನಲ್ಲಿ ನನ್ನನ್ನು ಕೇಳಿದ್ದ ಆ ದೂರದ ಡಾಕ್ಟರ ಆಸ್ಪತ್ರೆಗೆ ಹೊಲದಿಂದ ಮುದುಕರೊಬ್ಬರನ್ನು ತಂದಿದ್ದರಂತೆ. ಹಾವು ಕಚ್ಚಿದ್ದೇ. ಬಹಳ ತಡವಾಗಿತ್ತು. ಟ್ಯೂಬ್ ಹಾಕಿದರು, ಎಲ್ಲ ಮಾಡಿದರು. ಉಳಿಯಲಿಲ್ಲ. ಆದರೆ ಆ ಡಾಕ್ಟರು ಕ್ಲಾಸಿನಲ್ಲಿ ನನಗೊಂದು ಮಾತು ತಲುಪಿಸಿ ಎಂದು ಕೇಳಿಕೊಂಡಿದ್ದರು. ಆ ಮುದುಕರ ಮಗಳನ್ನು ಪಕ್ಕದಲ್ಲಿ ಕೂರಿಸಿದ್ದೆವು, ಕೊನೆಯವರೆಗೂ ಮಾತಾಡಿಸುತ್ತಲೇ ಇದ್ದೆವು ಎಂದು ಟೀಚರಿಗೆ ಹೇಳಿ.

ನಾನು ಆಸ್ಪತ್ರೆಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಕಾಣದ ಆ ಹಿರಿಯರ ಬಗ್ಗೆ ಯೋಚಿಸಿದೆ. ಅವರಿಗೆ ಮಗಳ ದನಿ ಕೇಳಿಸಿತ್ತು. ಅದು ನನಗೆ ಗೊತ್ತು.