ಕೂಗುವವನ ಕೊರಳ ಗಂಟು

2009ರಲ್ಲಿ ನಾನು ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್ ಆಗಿದ್ದೆ. ರೋಗಿಯ ಮೈಯಿಂದ ತೆಗೆದ ಜೀವಕೋಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕಾಯಿಲೆ ಯಾವುದೆಂದು ಬರೆದುಕೊಡುವುದು ನನ್ನ ಕೆಲಸ. ಗುಬ್ಬಿ, ಕುಣಿಗಲ್ ಕಡೆಯಿಂದಲೂ ಕೊರಳಲ್ಲಿ ಗಂಟು ಎಂದು ಬರುವವರಿಗೆ ಬರವಿರಲಿಲ್ಲ. ಥೈರಾಯ್ಡ್ ಗ್ರಂಥಿಯ ಗಂಟುಗಳಲ್ಲಿ ಬಹುಪಾಲು ಅಪಾಯವಿಲ್ಲದವು. ಆದರೆ ಗಂಟು ಎಂದೊಡನೆ ಮನೆಯವರ ಕಣ್ಣಿಗೆ ಕಾಣುವುದು ಕ್ಯಾನ್ಸರ್ ಒಂದೇ.

ಆ ವರ್ಷ ಜೂನ್‌ನಲ್ಲಿ ಮರಳೂರಿನ ನಯಾಜ್ ಬಂದ. ನಲವತ್ತರ ಆಸುಪಾಸು. ಖಾಸಗಿ ಬಸ್ ನಿಲ್ದಾಣದಲ್ಲಿ ಏಜೆಂಟ್. 'ಕುಣಿಗಲ್ ಕುಣಿಗಲ್ ಕುಣಿಗಲ್' ಎಂದು ಬೆಳಗಿನಿಂದ ಕೂಗಿ ಸೀಟು ತುಂಬಿಸುವುದೇ ಆತನ ಜೀವನೋಪಾಯ. ಬಲಗಡೆ ನಿಂಬೆಕಾಯಿ ಗಾತ್ರದ ಗಂಟು. ಗಂಟಿನಿಂದ ಜೀವಕೋಶ ತೆಗೆಯಲು ನಾನು ಸೂಜಿ ಕೈಗೆತ್ತಿಕೊಂಡ ಕೂಡಲೇ ಹೆಂಡತಿ ಶಾಹಿನಾ ಅಡ್ಡ ಬಂದಳು.

"ಚುಚ್ಚಿದ್ರೆ ಹರಡ್ತದಂತೆ ಮೇಡಂ, ಬೇಡ."

"ಯಾರಮ್ಮ ಹೇಳಿದ್ದು?"

"ಎಲ್ರೂ ಹೇಳ್ತಾರೆ."

"ಆ ಎಲ್ರನ್ನೂ ಕರ್ಕೊಂಡ್ ಬಾ, ಒಬ್ಬೊಬ್ರಿಗೂ ಚುಚ್ತೀನಿ."

ನಯಾಜ್ ನಕ್ಕುಬಿಟ್ಟ. ಕೊರಳು ಅಲುಗಿಸಬೇಡ ಎಂದು ಗದರಿಸಿ ಕೆಲಸ ಮುಗಿಸಿದೆ.

ಸ್ಲೈಡ್ ನೋಡಿದಾಗ ಜೀವಕೋಶಗಳು ಸಣ್ಣ ಸಣ್ಣ ಉಂಗುರಗಳಾಗಿ ಗುಂಪುಗಟ್ಟಿದ್ದವು. ಇದಕ್ಕೆ ಫಾಲಿಕ್ಯುಲರ್ ನಿಯೋಪ್ಲಾಸಂ ಎನ್ನುತ್ತೇವೆ. ಇದು ಅಪಾಯವಿಲ್ಲದ ಸಾಧು ಗೆಡ್ಡೆಯೂ ಆಗಿರಬಹುದು, ಕ್ಯಾನ್ಸರೂ ಆಗಿರಬಹುದು. ಎರಡರಲ್ಲೂ ಜೀವಕೋಶಗಳು ಒಂದೇ ತರಹ. ಗಂಟಿನ ಸುತ್ತಲಿನ ಹೊದಿಕೆಯನ್ನೋ ಅಲ್ಲಿನ ರಕ್ತನಾಳಗಳನ್ನೋ ಭೇದಿಸಿದ್ದರೆ ಮಾತ್ರ ಕ್ಯಾನ್ಸರ್, ಮತ್ತು ಅದು ಸೂಜಿಗೆ ಸಿಗುವ ಸಂಗತಿಯಲ್ಲ. ಮೂಟೆಗೆ ಕೊಳವೆ ಚುಚ್ಚಿ ತೆಗೆದ ಹಿಡಿ ಅಕ್ಕಿ ನೋಡಿ ಅಕ್ಕಿ ಯಾವುದೆಂದು ಹೇಳಬಹುದು, ಮೂಟೆಯ ಇನ್ನೊಂದು ಮೂಲೆ ಹರಿದಿದೆಯೇ ಎಂದು ಹೇಳಲಾಗದು.

ತೊಂಬತ್ತರ ದಶಕದಲ್ಲಿ ಇಂಥ ಕಡೆ ನಾವೆಲ್ಲ 'ಕ್ಯಾನ್ಸರ್ ಇಲ್ಲವೆನ್ನಲಾಗದು' ಎಂದು ಬರೆದು ಮುಗಿಸುತ್ತಿದ್ದೆವು. ಈಗ ಥೈರಾಯ್ಡ್ ವರದಿಗಳನ್ನು ಆರು ವರ್ಗಗಳಾಗಿ ವಿಂಗಡಿಸುವ ಹೊಸ ಪದ್ಧತಿ ಬಂದಿತ್ತು. ಪ್ರತಿ ವರ್ಗಕ್ಕೂ ಕ್ಯಾನ್ಸರ್ ಇರುವ ಸಂಭವ ಎಷ್ಟೆಂಬ ಅಂದಾಜು. ನಯಾಜನದು ನಾಲ್ಕನೆಯ ವರ್ಗ: ನೂರರಲ್ಲಿ ಹದಿನೈದರಿಂದ ಮೂವತ್ತು. ಹಾಗೆಯೇ ಬರೆದೆ.

ಸರ್ಜನ್ ಪ್ರಭಾಕರ್ ವರದಿ ಹಿಡಿದು ನನ್ನ ಕೋಣೆಗೇ ಬಂದರು.

"ಹೌದು ಅನ್ನಿ, ಇಲ್ಲ ಅನ್ನಿ ಮೇಡಂ. ಹೀಗೆ ಅಡ್ಡಗೋಡೆ ಮೇಲೆ ದೀಪ ಇಟ್ರೆ ನಾನೇನ್ ಮಾಡ್ಲಿ? ಪೂರ್ತಿ ಗ್ರಂಥಿ ತೆಗೆದುಬಿಡ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಥೈರಾಯ್ಡಿನ ಎರಡೂ ಪಕ್ಕ ದನಿಪೆಟ್ಟಿಗೆಗೆ ಹೋಗುವ ಒಂದೊಂದು ನರವಿದೆ. ಪೂರ್ತಿ ತೆಗೆಯುವಾಗ ಎರಡಕ್ಕೂ ಅಪಾಯ, ಅರ್ಧ ತೆಗೆದರೆ ಒಂದಕ್ಕೆ ಮಾತ್ರ. ಕೂಗಿ ಬದುಕುವ ಮನುಷ್ಯ ದನಿ ಕಳೆದುಕೊಂಡರೆ ಮಾಡುವುದೇನು?

"ಅರ್ಧ ತೆಗೀರಿ, ಹೊದಿಕೆ ಪೂರ್ತಿ ನೋಡಿ ನಾನು ಹೇಳ್ತೀನಿ," ಎಂದೆ.

"ಕ್ಯಾನ್ಸರ್ ಅಂತ ಬಂದ್ರೆ ಎರಡನೇ ಆಪರೇಷನ್. ನಮ್ಮ ಜನ ಹೊಲಿಗೆ ಬಿಚ್ಚಿಸೋಕೇ ಬರಲ್ಲ, ಅದಕ್ಕೆ ಬರ್ತಾರಾ?"

ಅವರ ಮಾತು ಸುಳ್ಳಲ್ಲ. ಹಾಗೆ ತಿರುಗಿ ಬಾರದೆ ಹೋದವರು ವರ್ಷಗಳ ನಂತರ ಕಾಯಿಲೆ ಬಲಿತು ಬಂದದ್ದನ್ನು ಇಬ್ಬರೂ ಕಂಡಿದ್ದೆವು. ಕೊನೆಗೆ ಆತನನ್ನೇ ಕೇಳೋಣ ಎಂದೆ. ಗಂಡ ಹೆಂಡತಿಯನ್ನು ಕೂರಿಸಿಕೊಂಡು ಅಕ್ಕಿಮೂಟೆಯ ಕತೆಯನ್ನೇ ಹೇಳಿದೆ. ಪ್ರಭಾಕರ್ ನೇರವಾಗಿ ಕೇಳಿದರು: "ಕ್ಯಾನ್ಸರ್ ಅಂತಾದ್ರೆ ಮತ್ತೆ ಬರ್ಬೇಕಾಗತ್ತೆ. ಬರ್ತೀಯಾ?"

ನಯಾಜ್ ಕೊರಳ ಗಂಟು ಸವರಿಕೊಂಡ. "ನಾನೆಲ್ಲಿಗ್ ಹೋಗ್ಲಿ ಸಾರ್? ಊರೋರ್ನೆಲ್ಲ ಬಸ್ ಹತ್ತಿಸ್ತೀನಿ, ನಾನು ಹತ್ತಿ ಹೋದೋನಲ್ಲ."

"ಬರ್ದಿದ್ರೆ ನಾನೇ ಎಳ್ಕೊಂಡ್ ಬರ್ತೀನಿ," ಎಂದಳು ಶಾಹಿನಾ.

ಪ್ರಭಾಕರ್ ನಕ್ಕು ಒಪ್ಪಿಕೊಂಡರು. ಬಲಗಡೆಯ ಅರ್ಧ ಮಾತ್ರ ತೆಗೆದರು, ನರವನ್ನು ಕಣ್ಣಾರೆ ಕಂಡು ಕಾಪಾಡಿದರು. ಆಮೇಲಿನ ಹೊಣೆ ನನ್ನದು. ಗಂಟಿನ ಹೊದಿಕೆಯನ್ನು ಒಂದಿಂಚೂ ಬಿಡದೆ ತುಂಡು ಮಾಡಿಸಿ, ಒಂದೊಂದು ಸ್ಲೈಡನ್ನೂ ನೋಡಿದೆ. ಒಂದು ಕಡೆ ಅನುಮಾನ ಬಂದು ಇನ್ನಷ್ಟು ಆಳದ ತುಂಡುಗಳನ್ನು ತರಿಸಿದೆ. ಊಟ ರುಚಿಸಲಿಲ್ಲ. ಅರ್ಧ ಸಾಕು ಎಂದು ಹಟ ಹಿಡಿದವಳು ನಾನಲ್ಲವೇ? ಆಳದ ತುಂಡುಗಳಲ್ಲೂ ಹೊದಿಕೆ ಎಲ್ಲೂ ಒಡೆದಿರಲಿಲ್ಲ.

ಎರಡು ವಾರದ ಮೇಲೆ ಅವರು ಬಂದರು. "ಕ್ಯಾನ್ಸರ್ ಅಲ್ಲ," ಎಂದೆ. ಶಾಹಿನಾ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಯಾಜ್ ಮಾತ್ರ ಪಿಸುಗುಟ್ಟಿದ: "ಇನ್ ಕೂಗ್ಬೋದಾ ಮೇಡಂ?"

ಆಗ ಗೊತ್ತಾಯಿತು, ಪ್ರಭಾಕರ್ ಕೂಗಬೇಡ ಎಂದಷ್ಟೇ ಹೇಳಿದ್ದರೂ ಈತ ಹೆದರಿ ಮಾತನ್ನೇ ನಿಲ್ಲಿಸಿದ್ದಾನೆ. ದನಿತಂತುಗಳು ಚೆನ್ನಾಗಿ ಅಲುಗುತ್ತಿವೆಯೆಂದು ಇ.ಎನ್.ಟಿ.ಯವರು ಆ ಬೆಳಿಗ್ಗೆಯೇ ನೋಡಿ ಹೇಳಿದ್ದರು. "ಮೆಲ್ಲಗೆ ಶುರು ಮಾಡು," ಎಂದೆ.

ಹೊರಗೆ ಕಾರಿಡಾರಿನಲ್ಲಿ ಗಲಾಟೆ. ನಮ್ಮ ಅಟೆಂಡರ್ ಚೀಟಿ ಹಿಡಿದು ಗುಬ್ಬಿಯ ರಂಗಮ್ಮ ಎಂಬುವರನ್ನು ಕರೆಯುತ್ತಿದ್ದ, ಯಾರಿಗೂ ಕೇಳಿಸುತ್ತಿರಲಿಲ್ಲ. ನಯಾಜ್ ಬಾಗಿಲಿಗೆ ಹೋಗಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಒಮ್ಮೆ ಉಗುಳು ನುಂಗಿ, "ಗುಬ್ಬಿ ರಂಗಮ್ಮ ಗುಬ್ಬಿ ರಂಗಮ್ಮ ಗುಬ್ಬೀ!" ಎಂದ. ಕಾರಿಡಾರ್ ಪೂರ್ತಿ ಎದ್ದು ನಿಂತಿತು.

"ಇಲ್ಲೇ ಇದೀನಿ ಕಣಪ್ಪಾ, ಯಾಕಂಗ್ ಅರಚ್ಕೊಂತೀಯ?" ಎಂದು ಮೂಲೆಯಲ್ಲಿದ್ದ ಮುದುಕಿ ಬೈದಳು. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ನೋಡಿಲ್ಲ.

ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಗೊತ್ತಿಲ್ಲ ಎನ್ನುವುದು ನಾಚಿಕೆಯಲ್ಲ, ಎಷ್ಟು ಗೊತ್ತಿಲ್ಲ ಎಂದು ಹೇಳದೆ ಕೈತೊಳೆದುಕೊಳ್ಳುವುದು ನಾಚಿಕೆ. ಬಿಡಿಸಿ ಹೇಳಿದರೆ ರೋಗಿಗೂ ತನ್ನದೊಂದು ಮಾತು ಸೇರಿಸಲು ಜಾಗವಿರುತ್ತದೆ. ನಯಾಜನ ಗ್ರಂಥಿಯ ಇನ್ನರ್ಧ ಉಳಿದದ್ದು, ಎಲ್ಲಿಗೂ ಹೋಗುವವನಲ್ಲ ಎಂದು ಆತ ಸೇರಿಸಿದ ಆ ಒಂದು ಮಾತಿನಿಂದ.