ಹುಣಸೆಹಣ್ಣಿನಲ್ಲಿ ತೊಳೆದ ಗಾಡಿ

ತಿರುಮಲೇಶನ ಬಲಗೈಗೆ ಒಂದು ವಿದ್ಯೆ ಒಲಿದಿತ್ತು. ಕ್ಯಾಲಿಫೋರ್ನಿಯಾದ ಸರಟೋಗಾದಲ್ಲಿ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲೋ, ಗ್ರೋಸರಿ ಅಂಗಡಿಯ ಬೇಳೆ ಸಾಲಿನಲ್ಲೋ ಹೊಸ ಕನ್ನಡದವನೊಬ್ಬ ಕಣ್ಣಿಗೆ ಬಿದ್ದರೆ ಸಾಕು, “ಏನ್ರೀ, ಯಾವಾಗ ಬಂದ್ರಿ?” ಅಂತ ತಬ್ಬಿಕೊಂಡು ಬೆನ್ನು ಸವರುತ್ತಿದ್ದ. ನೋಡಿದವರು ಎಂಥ ಪ್ರೀತಿಯ ಮನುಷ್ಯ ಅಂದುಕೊಳ್ಳುತ್ತಿದ್ದರು. ಬೆರಳು ಹುಡುಕುತ್ತಿದ್ದುದು ಮಾತ್ರ ಅಂಗಿಯೊಳಗಿನ ದಾರವನ್ನು. ದಾರ ಸಿಕ್ಕರೆ ಮನೆಗೆ ಕಾಫಿಗೆ ಬನ್ನಿ. ಸಿಗದಿದ್ದರೆ ಈ ವರ್ಷ ಚಳಿ ಜಾಸ್ತಿ ಅಲ್ವಾ, ಬರ್ಲಾ. ಫೋನಿನಲ್ಲಿ ಬೆನ್ನು ಸಿಗುವುದಿಲ್ಲವಲ್ಲ, ಅದಕ್ಕೊಂದು ಪ್ರಶ್ನೆ ಇಟ್ಟುಕೊಂಡಿದ್ದ: “ನಿಮ್ಮ ಮನೆದೇವರು ಯಾವುದು?” ಈ ಒಂದೇ ಪ್ರಶ್ನೆಯಲ್ಲಿ ಎದುರಿನವನ ಮೂರು ತಲೆಮಾರು ಜಾಲಾಡಿಬಿಡುತ್ತೇನೆ ಅನ್ನುವುದು ಅವನ ಜಂಬ. ನೆವಾರ್ಕಿನ ಕಂಪನಿಯಲ್ಲಿ ಎಂಜಿನಿಯರು. ಆದರೆ ಅವನ ನಿಜವಾದ ಎಂಜಿನಿಯರಿಂಗು ಇದೇ.

ಇಂಥವನ ಹೆಂಡತಿ ಶೈಲಜಾಗೆ ಕೆಲಸ ಸಿಕ್ಕಿತು. ಅಮೆರಿಕಕ್ಕೆ ಬಂದ ಮೇಲೆ ಅವಳದ್ದೇ ಅಂತ ಸಿಕ್ಕ ಮೊದಲ ಕೆಲಸ. ಮೊದಲು ವೀಸಾ ಬಿಡಲಿಲ್ಲ, ಆಮೇಲೆ ಮಗಳು ಗಾರ್ಗಿಯ ಡೇಕೇರು, ಆಮೇಲೆ ಬರೀ ಅಭ್ಯಾಸ. ಎಮರಿವಿಲ್‌ನ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಆಫೀಸಿನಲ್ಲಿ ಕೂತು, ನಲ್ಲಿ ಸೋರುತ್ತೆ, ಮೇಲಿನವನ ನಾಯಿ ಬೊಗಳುತ್ತೆ ಅಂತ ಬಾಡಿಗೆದಾರರು ತರುವ ದೂರುಗಳನ್ನು ನಗುನಗುತ್ತ ಕೇಳಿಸಿಕೊಳ್ಳಬೇಕು. ಇಂಟರ್‌ವ್ಯೂನಲ್ಲಿ “ದೂರು ಕೇಳಿ ಅನುಭವ ಇದೆಯಾ?” ಅಂದಿದ್ದಕ್ಕೆ “ಮದುವೆ ಆಗಿದೆ” ಅಂದುಬಿಟ್ಟಿದ್ದಳು. ಮ್ಯಾನೇಜರ್ ಹೆಂಗಸು ಬಿದ್ದೂಬಿದ್ದು ನಕ್ಕು, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬಾ, ನೀನು ಬರದಿದ್ದರೆ ಇನ್ನೊಬ್ಬಳು ಕಾದಿದ್ದಾಳೆ ಅಂದಿದ್ದಳು.

ಹೋಗುವುದು ಹೇಗೆ? ಗಾರ್ಗಿ ಫೋನಿನಿಂದ ತಲೆ ಎತ್ತದೆಯೇ ಹೇಳಿದಳು: “ಅಮ್ಮಾ, ಫ್ರೀಮಾಂಟ್‌ನಿಂದ ಡೈರೆಕ್ಟ್ ಟ್ರೇನ್ ಇದೆ. ಜಸ್ಟ್ ಟೇಕ್ ಇಟ್!”

“ಟ್ರೇನಾ?” ತಿರುಮಲೇಶ ಮೈಮೇಲೆ ಹಲ್ಲಿ ಬಿದ್ದವನಂತೆ ಭುಜ ಕೊಡವಿದ. “ಯಾರ್ಯಾರು ಕೂತೆದ್ದ ಸೀಟೋ ಏನೋ. ಒಂದು ಹಳೇ ಕಾರ್ ತೆಕ್ಕೊಡ್ತೀನಿ ಬಿಡು.”

“ಹಳೇ ಕಾರಲ್ಲೂ ಯಾರೋ ಕೂತೆದ್ದಿರ್ತಾರಲ್ರೀ?”

“ಅದಕ್ಕೇ ಕಣೇ, ನಮ್ಮೋರದ್ದು ನೋಡಿ ತಗೋಬೇಕು.”

ನಮ್ಮೋರ ಗಾಡಿ ಬೇ ಏರಿಯಾದಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಗಡಿಯ ಆಚೆ, ಕೆನಡಾದ ಸರ‍್ರೇಯಲ್ಲಿ. ಅಲ್ಲಿ ಗಾಡಿ ಅಗ್ಗ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಊದಿದ್ದರು. ಮಾರುವವನ ಹೆಸರು ಯೋಗಾನಂದ, ಮೈಸೂರಿನವನು. ತಿರುಮಲೇಶ ಸ್ಪೀಕರ್ ಹಾಕಿ ಮೊದಲು ಕೇಳಿದ್ದು ಎಂಜಿನ್ನಿನ ಆರೋಗ್ಯ ಅಲ್ಲ.

“ನಿಮ್ಮ ಮನೆದೇವರು?”

“ತಿರುಪತಿ ತಿಮ್ಮಪ್ಪ ಸಾರ್.”

ತಿರುಮಲೇಶ ಫೋನಿಗೆ ಅಂಗೈ ಅಡ್ಡ ಹಿಡಿದು, ಲಾಟರಿ ಹೊಡೆದವನಂತೆ ಪಿಸುಗುಟ್ಟಿದ: “ನಮ್ಮೋರೇ!” ತಿಮ್ಮಪ್ಪನ ಬೆಟ್ಟಕ್ಕೆ ಅರ್ಧ ಕರ್ನಾಟಕವೇ ತಲೆ ಬೋಳಿಸಿಕೊಂಡು ಬರುತ್ತದೆ ಅನ್ನುವುದು ಅವನ ಲೆಕ್ಕಕ್ಕೆ ಬರಲಿಲ್ಲ.

ಯೋಗಾನಂದ ಪಾಪ ಇದ್ದದ್ದು ಇದ್ದಂಗೆ ಹೇಳಿದ: “ಸಾರ್, ಗಾಡಿ ಕೆನಡಾದಲ್ಲಿದ್ರೂ ಹುಟ್ಟಿದ್ದು ಅಮೆರಿಕದಲ್ಲೇ. ಡ್ರೈವರ್ ಬಾಗಿಲು ತೆಗೆದ್ರೆ ಪಕ್ಕದ ಕಂಬದ ಮೇಲೆ ಒಂದು ಚೀಟಿ ಅಂಟಿಸಿದೆ. ಅಮೆರಿಕದ ನಿಯಮದ ಪ್ರಕಾರ ಮಾಡಿದ ಗಾಡಿ ಅಂತ. ಬಾರ್ಡರಲ್ಲಿ ಅದನ್ನೇ ನೋಡೋದು, ಜೋಪಾನ.”

“ಆಯ್ತು ಆಯ್ತು. ಮೈಸೂರಲ್ಲಿ ಯಾವ ಬೀದಿ ಅಂದ್ರಿ?” ಅಂದ ತಿರುಮಲೇಶ. ಚೀಟಿಯ ಮಾತು ಕಿವಿಗೆ ಬಿದ್ದದ್ದು ಶೈಲಜಾಗೆ ಮಾತ್ರ. ದುಡ್ಡು ಅವತ್ತೇ ಕಳಿಸಿಯಾಯಿತು.

ಶನಿವಾರ ಬೆಳಿಗ್ಗೆ ಇಬ್ಬರೂ ಸರ‍್ರೇಯ ಮನೆಯ ಮುಂದೆ ನಿಂತಿದ್ದರು. ಯೋಗಾನಂದ ಕೀ, ಕಾಗದಪತ್ರ ಮನೆಯಲ್ಲಿಟ್ಟು ಕೆಲಸಕ್ಕೆ ಹೋಗಿದ್ದ. ಬಾಗಿಲು ತೆರೆದದ್ದು ಅವನ ತಾಯಿ ಸಣ್ಣತಾಯಮ್ಮ. ಕಾಲಿಗೆ ದಪ್ಪ ಸಾಕ್ಸು, ಮೇಲೆ ಮೊಮ್ಮಗನ ಹಳೇ ಸ್ವೆಟರು, ಬಾಯಲ್ಲಿ ಎಲೆಅಡಿಕೆ. ಅವಳ ಬೆನ್ನ ಹಿಂದಿನಿಂದ ಘಮ್ಮಂತ ಉಪ್ಪುಮೀನಿನ ಸಾರಿನ ವಾಸನೆ ಬಂದು ತಿರುಮಲೇಶನ ಮೂಗಿಗೆ ಬಡಿಯಿತು. ಮೂರು ತಲೆಮಾರಿನ ಜಾಲಾಟ ಹೊಸ್ತಿಲಲ್ಲೇ ಮುಗಿಯಿತು.

“ಬನ್ನಿ ಬುದ್ಧಿ, ಒಳೀಕೆ ಬನ್ನಿ. ಮುದ್ದೆ ಕಟ್ತಾ ಇವ್ನಿ, ಉಂಡ್ಕಂಡೇ ಹೋಗೀರಂತೆ.”

“ಇಲ್ಲ… ಇವತ್ತು ಶನಿವಾರ. ಉಪವಾಸ” ಅಂದ. ಹಿಂದಿನ ಶನಿವಾರ ಹನ್ನೊಂದು ಇಡ್ಲಿ ಇಳಿಸಿದ್ದವನು.

“ಒಳ್ಳೆ ಗಾಡಿ ಕಣಪ್ಪ” ಅಂದಳು ಮುದುಕಿ, ಅವನ ಮುಖ ಓದಿಕೊಂಡೇ. “ನನ್ ಮಗ ವಾರವಾರ ಬಂದರಿಂದ ಮೀನು ತರಾದು ಇದ್ರಾಗೇಯ.”

ತಿರುಮಲೇಶ ಹೆಂಡತಿಯನ್ನು ಪಕ್ಕಕ್ಕೆ ಎಳೆದ. “ಮೋಸ ಆಯ್ತು ಶೈಲೂ.”

“ಅವರೇನು ಮೋಸ ಮಾಡಿದ್ರು? ದೇವರನ್ನ ಕೇಳಿದ್ರಿ, ದೇವರ ಹೆಸರು ಹೇಳಿದ್ರು. ಮೀನು ತಿಂತೀರಾ ಅಂತ ಕೇಳಿದ್ರಾ? ನನಗೆ ಸೋಮವಾರ ಕೆಲಸಕ್ಕೆ ಹೋಗಬೇಕು. ಕೀ ಇಸ್ಕೊಳ್ಳಿ, ಹೊರಡೋಣ.”

“ಹಾಗೇ ಕೂರೋಕಾಗುತ್ತಾ? ಪುಣ್ಯಾಹ ಆಗಬೇಕು.” ಬ್ಯಾಗಿನಿಂದ ಗಂಗಾಜಲದ ಬಾಟಲಿ, ಕುಂಕುಮ, ನಿಂಬೆಹಣ್ಣು ಹೊರಬಂದವು. ಉಜ್ಜುವುದಕ್ಕೆ ಮಾತ್ರ ಏನೂ ಇರಲಿಲ್ಲ. “ಅವರ ಹತ್ರ ಒಂದಿಷ್ಟು ಹುಣಸೆಹಣ್ಣು, ತೆಂಗಿನ ನಾರು ಇದ್ಯಾ ಕೇಳು.”

“ಮೀನಿನ ಮನೆ ಹುಣಸೆಹಣ್ಣು ಆಗುತ್ತಾ?”

“ಹಸೀ ಪದಾರ್ಥಕ್ಕೆ ಮೈಲಿಗೆ ಇಲ್ಲ” ಅಂದ. ಶಾಸ್ತ್ರ ಅವನ ಪಾಲಿಗೆ ರಬ್ಬರಿನದು.

ಸಣ್ಣತಾಯಮ್ಮ ಒಂದು ಬಟ್ಟಲು ತುಂಬ ಹುಣಸೆಹಣ್ಣು ಕೊಟ್ಟಳು, ಯಾಕೆ ಅಂತ ಕೇಳಲಿಲ್ಲ. ಕೇಳುವುದಕ್ಕೇನಿದೆ, ಊರಲ್ಲಿ ಅವಳು ಕೂತೆದ್ದ ಜಗಲಿಗೆ ನೀರು ಚೆಲ್ಲಿದವರನ್ನು ಕಂಡು ಬಂದವಳೇ. ಶೈಲಜಾ ನಾಚಿಕೆಯಿಂದ ಅಡುಗೆಮನೆಯಲ್ಲೇ ಕೂತುಬಿಟ್ಟಳು. ಮುದುಕಿ ಕೊಟ್ಟ ಕಾಫಿ ಕುಡಿದಳು, ಇನ್ನೊಂದು ಲೋಟ ಕೇಳಿ ಇಸಕೊಂಡಳು. ಹೊರಗೆ ತಿರುಮಲೇಶ ಪ್ಯಾಂಟು ಮಡಚಿ ಹಿತ್ತಾಳೆ ಬಿಂದಿಗೆ ಉಜ್ಜಿದಂತೆ ಗಾಡಿ ಉಜ್ಜುತ್ತಿದ್ದ. ಡಿಕ್ಕಿ ಆಯಿತು, ಸೀಟು ಆಯಿತು. ಮನೆಗೆ ಹೊಸ್ತಿಲು ಹೇಗೋ ಗಾಡಿಗೆ ಬಾಗಿಲ ಕಂಬ ಹಾಗೆ ಅಂತ ಅದಕ್ಕೂ ಕೈ ಹಾಕಿದ. ಅಲ್ಲಿ ಒಂದು ಹಳೇ ಚೀಟಿ, ಅಂಚಿನಲ್ಲಿ ಸಿಕ್ಕಿಕೊಂಡ ಒಂದು ಮೀನಿನ ಪೊರೆ. ಸೇಡು ತೀರಿಸಿಕೊಳ್ಳುವವನಂತೆ ತಿಕ್ಕಿದ. ಅಕ್ಷರ ಹೋಯಿತು, ಆಮೇಲೆ ಚೀಟಿಯೂ ಸುರುಳಿ ಸುರುಳಿಯಾಗಿ ಎದ್ದು ಬಂತು. ಉಳಿದದ್ದನ್ನು ಉಗುರಿನಲ್ಲಿ ಕೆರೆದು, ಆ ಜಾಗಕ್ಕೆ ಹಸ್ತದಗಲ ಕುಂಕುಮ ಬಳಿದು, ಟೈರಿನಡಿ ನಿಂಬೆಹಣ್ಣು ಇಟ್ಟು ಗಾಡಿ ಹತ್ತಿಸಿದ.

ಸಣ್ಣತಾಯಮ್ಮ ಬಾಗಿಲಲ್ಲಿ ನಿಂತು ಎಲೆಅಡಿಕೆ ದವಡೆ ಬದಲಿಸಿದಳು. “ಗಾಡಿಯೇನೋ ತೊಳ್ದ್ರಿ ಬುದ್ಧಿ. ಅದು ಓಡಾಡಿದ್ ರೋಡ್ನೂ ತೊಳ್ಕಂಡೇ ಹೋಗೀರಾ?”

ಗಡಿ ಹತ್ತಿರವೇ ಇತ್ತು. ಅಮೆರಿಕದ ಅಧಿಕಾರಿ ಕಾಗದಪತ್ರ ನೋಡಿದ, ಟೈರಿಗೆ ಮೆತ್ತಿದ್ದ ನಿಂಬೆಸಿಪ್ಪೆ ನೋಡಿದ, ಡ್ರೈವರ್ ಬಾಗಿಲು ತೆರೆದು ಬೆಚ್ಚಿಬಿದ್ದ.

“ಇದು ರಕ್ತವಾ?”

“ನೋ ನೋ ಸರ್. ಪೌಡರ್. ರಿಲಿಜಿಯಸ್.”

ಅಧಿಕಾರಿ ಕೈಗವಸಿನ ಬೆರಳಲ್ಲಿ ಕುಂಕುಮ ಒರೆಸಿದ. ಕೆಳಗೆ ಬೋಳು ತಗಡು. “ಚೀಟಿ ಎಲ್ಲಿ?”

“ಕ್ಲೀನಿಂಗ್ ಮಾಡ್ದೆ ಸರ್. ಕೊಳೆ ಇತ್ತು.”

ಅಧಿಕಾರಿ ತಾಳ್ಮೆಯಿಂದಲೇ ಹೇಳಿದ. ಈ ಗಾಡಿ ಯಾವ ದೇಶದ ನಿಯಮಕ್ಕೆ ತಯಾರಾದದ್ದು ಅಂತ ತೋರಿಸುತ್ತಿದ್ದುದು ಆ ಚೀಟಿ. ಇನ್ನು ಗಾಡಿ ಮಾಡಿದ ಕಂಪನಿಯಿಂದಲೇ ಪತ್ರ ತರಿಸಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಅಲ್ಲೀತನಕ ಗಾಡಿ ಬಂದ ದಾರಿಯಲ್ಲೇ ವಾಪಸ್ಸು.

ತಿರುಮಲೇಶ ಹೆಂಡತಿಯ ಕಡೆ ತಿರುಗಿದ. “ಕಣ್ಣೆದುರಿಗೇ ಇದೆಯಲ್ಲೇ ಗಾಡಿ! ಲಕ್ಷಣವಾಗಿ ಓಡುತ್ತೆ! ಏನು ಬೇಕಂತೆ ಇವನಿಗೆ?”

“ಗಾಡಿದು ಮನೆದೇವರು ಯಾವುದು ಅಂತ ಕೇಳ್ತಿದಾನೆ ರೀ” ಅಂದಳು ಶೈಲಜಾ.

ಅವನಿಗೆ ಅದು ತಾಕಲಿಲ್ಲ. ಚರ್ಮ ದಪ್ಪ ಇದ್ದವರಿಗೆ ಇದೊಂದು ಸುಖ. “ಈಗೇನ್ ಮಾಡೋದು? ವಾಪಸ್ ಹೋಗೋಣ ನಡಿ. ನಿನ್ನ ಆಫೀಸಿಗೆ ಫೋನ್ ಮಾಡಿ ಮುಂದಿನ ತಿಂಗಳು ಬರ್ತೀನಿ ಅನ್ನು. ದೂರು ಕೇಳೋ ಕೆಲಸ ತಾನೇ, ಎಲ್ಲಿಗೆ ಓಡಿಹೋಗುತ್ತೆ?”

ಶೈಲಜಾ ಹಿಂದಿನ ಸೀಟಿನಿಂದ ತನ್ನ ಬ್ಯಾಗು ತೆಗೆದಳು. ಬಾಗಿಲು ಹಾಕುವಾಗ ಕೈಗೆ ಹತ್ತಿದ ಕುಂಕುಮವನ್ನು ಅವನ ತೋಳಿಗೇ ಒರೆಸಿದಳು.

“ಏಯ್, ಎಲ್ಲಿಗೆ?”

“ಕೆಲಸಕ್ಕೆ.”

ಗಡಿಯಿಂದ ಬಸ್ಸು ಹಿಡಿದು ಸಿಯಾಟಲ್. ಭಾನುವಾರ ಬೆಳಿಗ್ಗೆ ಅಲ್ಲಿಂದ ಹೊರಟ ರೈಲು ಸೋಮವಾರ ಬೆಳಿಗ್ಗೆ ಇಳಿಸುವುದು, ದೇವರ ದಯೆಯಲ್ಲ, ಟೈಮ್‌ಟೇಬಲ್ಲಿನ ದಯೆ, ಎಮರಿವಿಲ್‌ನಲ್ಲೇ. ಅವಳು ಕೂತ ಸೀಟಿನಿಂದ ಅದೇ ತಾನೇ ಯಾರೋ ಎದ್ದು ಬೇರೆ ಸೀಟಿಗೆ ಹೋಗಿದ್ದರು, ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಗ್ರೀಸು ಮೆತ್ತಿದ ಪ್ಯಾಂಟಿನ ದಢೂತಿ ಆಸಾಮಿ ಓರೆಗನ್ ಉದ್ದಕ್ಕೂ ಗೊರಕೆ ಹೊಡೆದ, ಎದ್ದಾಗ ಚಿಪ್ಸ್ ಪೊಟ್ಟಣ ಅವಳ ಮುಂದೆ ಹಿಡಿದ. ಅವನ ಮನೆದೇವರು ಯಾವುದೋ ಏನೋ. ಅವಳು ತಗೊಂಡು ತಿಂದಳು.

ಎಮರಿವಿಲ್‌ನ ಪ್ಲಾಟ್‌ಫಾರಂನಲ್ಲಿ ಇಳಿದು, ಕೆಲಸಕ್ಕೆಂದೇ ಕೊಂಡಿದ್ದ ಕರೀ ಪ್ಯಾಂಟಿನ ಸುಕ್ಕು ಕೊಡವುತ್ತಿದ್ದಾಗ ಫೋನು ಬಂತು.

“ಶೈಲೂ, ಹೋಟ್ಲಿಗೆ ಯಾಕೆ ಸುಮ್ನೆ ದುಡ್ಡು ಸುರಿಯೋದು ಅಂತ ಇವರ ಮನೇಲೇ ಇದೀನಿ. ಆ ಮುದುಕಿ ಹೊತ್ತೊತ್ತಿಗೆ ತಟ್ಟೆ ತಂದಿಡುತ್ತೆ ಕಣೇ. ಶನಿವಾರ ಉಪವಾಸ ಅಂದೆ, ನಿನ್ನೆ ಹೊಟ್ಟೆ ಸರಿ ಇಲ್ಲ ಅಂದೆ. ಕಂಪನಿ ಪತ್ರ ಬರೋತನಕ ಏನಂತ ಹೇಳ್ಲಿ?”

ಹಿಂದಿನಿಂದ ಸಣ್ಣತಾಯಮ್ಮನ ಗಂಟಲು ಕೇಳಿತು: “ಬುದ್ಧೀ, ಮುದ್ದೆ ಆರೋಯ್ತದೆ!”

“ಬಟ್ಟಲಲ್ಲಿ ಹುಣಸೆಹಣ್ಣು ಮಿಕ್ಕಿರಬೇಕು ನೋಡ್ರೀ” ಅಂದಳು ಶೈಲಜಾ. “ಹೊಟ್ಟೆ ತುಂಬ ಉಣ್ಣಿ, ಆಮೇಲೆ ನಾಲಿಗೆ ಉಜ್ಜಿಕೊಳ್ಳಿ. ಮೆಲ್ಲಗೆ ಉಜ್ಜಿ, ಅಲ್ಲೂ ಏನಾದ್ರೂ ಚೀಟಿ ಅಂಟಿಸಿರಬಹುದು.”

ಫೋನು ಬ್ಯಾಗಿಗೆ ಹಾಕಿ ರಸ್ತೆ ದಾಟಿದಳು. ಆಫೀಸಿನ ಗಾಜಿನ ಬಾಗಿಲ ಮುಂದೆ ಒಬ್ಬ ಬಾಡಿಗೆದಾರ ಆಗಲೇ ಸೋರುವ ನಲ್ಲಿಯ ಫೋಟೋ ಹಿಡಿದು ನಿಂತಿದ್ದ.